ಒಂದೇ ಅಚ್ಚು, ನಾಲ್ಕು ಹೊತ್ತು: ಮರದ ಅಚ್ಚಿನ ಚಿತ್ರದಲ್ಲಿ ಕಾಲ ಕಾಣಿಸುವ ಬಗೆ

ಎಳ್ಳ ಅಮಾವಾಸ್ಯೆಯ ಸುಮಾರಿಗೆ ಗದಗಿನ ಎರೆಹೊಲದ ಬದುವಿನ ಮೇಲೆ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ, ಕಾಲಬುಡದಲ್ಲಿ ಬಂಡಿದಾರಿ, ಅದರಾಚೆ ತೆನೆ ಹಿಡಿದ ಹಿಂಗಾರಿ ಜೋಳ, ದೂರಕ್ಕೆ ಕಪ್ಪತಗುಡ್ಡದ ಸಾಲು. ನಡುವೆ ಒಂದು ಬನ್ನಿ ಮರ ಇಟ್ಟುಕೊಳ್ಳೋಣ. ಈ ಒಂದೇ ನೋಟವನ್ನು ಒಮ್ಮೆ ಮಾತ್ರ ಕೆತ್ತಿ, ನಸುಕು, ನಡುಮಧ್ಯಾಹ್ನ, ಸಂಜೆ, ರಾತ್ರಿ ಎಂದು ನಾಲ್ಕು ಚಿತ್ರ ತೆಗೆಯುವುದು ಇಲ್ಲಿನ ಕೆಲಸ. ಅಳತೆ 20 × 28 ಸೆಂ.ಮೀ., ಹೊತ್ತಿಗೆ 8ರಂತೆ ಒಟ್ಟು 32 ಪ್ರತಿ. ದಿನಕ್ಕೆ ಎರಡು ತಾಸು ಕೂತರೂ ಕೆತ್ತನೆಗೆ ಮೂರು ವಾರ, ಮುದ್ರಣಕ್ಕೆ ಒಂದು ವಾರ ಹಿಡಿಯುತ್ತದೆ.

ಹೊತ್ತನ್ನು ಕೆತ್ತಲು ಹೋಗಬೇಡಿ. ಹೊತ್ತು ಬರುವುದು ಬಣ್ಣ ಹಚ್ಚುವಾಗ, ನೀರಿನ ಅಳತೆಯಲ್ಲಿ, ಉಜ್ಜುವ ಕೈಯ ಭಾರದಲ್ಲಿ. ಜಪಾನಿನ ಹಿರೋಶಿ ಯೋಶಿದಾ (1876–1950) ಇದನ್ನು ಮಾಡಿ ತೋರಿಸಿದವರು. 1926ರ ಅವರ ಹಾಯಿದೋಣಿಗಳ ಚಿತ್ರ ಬೆಳಗು, ಮುಂಜಾವು ಕಳೆದ ಹೊತ್ತು, ಮಧ್ಯಾಹ್ನದ ಮೇಲೆ, ಮಂಜು, ಸಂಜೆ, ರಾತ್ರಿ ಎಂದು ಆರು ಬಗೆಯಲ್ಲಿ ಬಂತು. ದೋಣಿ ಅವೇ, ಹಾಯಿ ಅವೇ, ಬದಲಾದದ್ದು ಬಣ್ಣ. 1930–31ರಲ್ಲಿ ಅವರು ಭಾರತಕ್ಕೂ ಬಂದು, ತಾಜಮಹಲಿನಂಥ ಜಾಗಗಳನ್ನು ಬೇರೆ ಬೇರೆ ಬೆಳಕಿನಲ್ಲಿ ಮರದ ಅಚ್ಚಿಗೆ ಇಳಿಸಿದರು. ಕೆಳಗಿನ ವಿಧಾನ ಆ ಜಪಾನಿ ನೀರುಬಣ್ಣದ ಪದ್ಧತಿಯದೇ; ಸಾಮಾನು ಮಾತ್ರ ಹುಬ್ಬಳ್ಳಿ-ಗದಗಿನ ಪೇಟೆಯಲ್ಲಿ ಸಿಗುವಂಥದ್ದು.

ಮೊದಲು ನೆರಳಿನ ಲೆಕ್ಕ

ಹೊಸಬರು ಮೊದಲು ಎಡವುವುದು ಇಲ್ಲೇ. ಮರದ ಜೊತೆ ಅದರ ನೆರಳನ್ನೂ ಗೆರೆಯ ಅಚ್ಚಿನಲ್ಲಿ, ಅಂದರೆ ಚಿತ್ರದ ರೇಖೆಗಳನ್ನಷ್ಟೇ ಒತ್ತುವ ಹಲಗೆಯಲ್ಲಿ, ಕೆತ್ತಿಬಿಡುತ್ತಾರೆ. ಅಲ್ಲಿಗೆ ಚಿತ್ರದ ಹೊತ್ತು ನಿಂತಿತು. ಆಮೇಲೆ ಎಷ್ಟು ಕೆಂಪು ಬಳಿದರೂ ಅದು ಸಂಜೆಯಾಗುವುದಿಲ್ಲ, ಕೆಂಪು ಬಣ್ಣದ ಬೆಳಗಾಗುತ್ತದೆ ಅಷ್ಟೆ. ನೆರಳಿಗೆ ಬೇರೆ ಅಚ್ಚು ಬೇಕೇ ಬೇಕು.

ನಮ್ಮ ಕಡೆ ಸೂರ್ಯ ಆ ದಿನದ ಅತಿ ಎತ್ತರಕ್ಕೆ ಏರುವುದು ಗಡಿಯಾರದ ಹನ್ನೆರಡಕ್ಕಲ್ಲ. ತಿಂಗಳಿಗೆ ತಕ್ಕಂತೆ ಸುಮಾರು ಹನ್ನೆರಡೂಹತ್ತರಿಂದ ಹನ್ನೆರಡೂಮುಕ್ಕಾಲರ ನಡುವೆ. ಮೇ ಮೊದಲ ವಾರ ಮತ್ತು ಆಗಸ್ಟ್ ಎರಡನೇ ವಾರದಲ್ಲಿ ಗದಗ, ಹುಬ್ಬಳ್ಳಿ, ಧಾರವಾಡಗಳಲ್ಲಿ ಆ ಗಳಿಗೆಗೆ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಡಿಸೆಂಬರ್ ಕೊನೆಗೆ ಅದೇ ಕೋಲಿನ ನಡುಹಗಲ ನೆರಳು ಕೋಲಿನ ಎತ್ತರದ 0.8ರಷ್ಟು, ಉತ್ತರಕ್ಕೆ. ಅಂದರೆ ದಕ್ಷಿಣಕ್ಕೆ ಮುಖ ಮಾಡಿದ ನಮ್ಮ ಚಿತ್ರದಲ್ಲಿ ನೆರಳು ನಮ್ಮತ್ತಲೇ ಚಾಚುತ್ತದೆ. ಆದರೆ ನಿಂತು ನೋಡುವ ಕಣ್ಣಿಗೆ ನೆಲದ ಮೇಲಿನ ಉದ್ದ ತೀರ ಕುಗ್ಗಿ ಕಾಣುತ್ತದೆ. 25 ಮೀಟರ್ ದೂರದ ಮರದ ಈ ನೆರಳು ಚಿತ್ರದಲ್ಲಿ ಬುಡಕ್ಕೆ ಹತ್ತಿದ ಚಪ್ಪಟೆ ಮಡುವಿನಷ್ಟೇ. ಅದನ್ನು ಉದ್ದ ಎಳೆದರೆ ನೋಡುವವರಿಗೆ ಮಧ್ಯಾಹ್ನ ಅನಿಸುವುದೇ ಇಲ್ಲ.

ಸೂರ್ಯ 30 ಡಿಗ್ರಿ ಎತ್ತರದಲ್ಲಿದ್ದಾಗ ನೆರಳು ವಸ್ತುವಿನ ಎತ್ತರದ 1.7 ಪಟ್ಟು, 10 ಡಿಗ್ರಿಗೆ ಇಳಿದಾಗ ಐದೂವರೆ ಪಟ್ಟಿಗೂ ಮೇಲೆ. ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವುದು ಪೂರ್ವಕ್ಕಿಂತ ತುಸು ದಕ್ಷಿಣಕ್ಕೆ ಸರಿದು. ಆದ್ದರಿಂದ ಬೆಳಗಿನ ನೆರಳು ಬಲಕ್ಕೆ ಹಾಗೂ ಕೊಂಚ ನಮ್ಮ ಕಡೆಗೆ, ಸಂಜೆಯದು ಎಡಕ್ಕೆ ಹಾಗೂ ಕೊಂಚ ನಮ್ಮ ಕಡೆಗೆ. ಎರಡೂ ಚಿತ್ರದ ಅಂಚು ದಾಟಿ ಹೊರಗೆ ಹೋಗಲಿ, ಒಳಗೇ ಮುಗಿಸಬೇಡಿ.

ಇನ್ನೊಂದು ಎಚ್ಚರ. ಅಚ್ಚು ಕನ್ನಡಿ ಇದ್ದ ಹಾಗೆ, ಹಲಗೆಯ ಮೇಲೆ ಮೂಡಣ-ಪಡುವಣ ಅದಲುಬದಲು. ನಕ್ಷೆಯನ್ನು ಬಟರ್ ಪೇಪರಿನ ಮೇಲೆ ಬರೆದು, ಮಗುಚಿ ಹಲಗೆಗೆ ಹಾಕಿ. ಹಾಕುವ ಮುನ್ನ ಮೂಲೆಯಲ್ಲಿ 'ಮೂಡಣ' ಎಂದು ಬರೆದಿಟ್ಟಿರಿ. ಆ ಅಕ್ಷರ ಹಲಗೆಯ ಮೇಲೆ ಉಲ್ಟಾ ಕಂಡರೆ ಸರಿಯಾಗಿದೆ ಎಂದರ್ಥ.

ಹಲಗೆ: ನಾಲ್ಕು ತುಂಡು, ಎಂಟು ಮುಖ

26 × 34 ಸೆಂ.ಮೀ. ಅಳತೆಯ ನಾಲ್ಕು ತುಂಡು ಕೊಯ್ಯಿಸಿ. ಚಿತ್ರದ ಸುತ್ತ 3 ಸೆಂ.ಮೀ. ಬಿಡುವು ಕೂಡುಗುರುತಿಗೆ (ಪ್ರತಿ ಅಚ್ಚಿನ ಮೇಲೂ ಕಾಗದ ಒಂದೇ ಜಾಗಕ್ಕೆ ಕೂರಲು ಹಾಕುವ ಗುರುತು) ಮತ್ತು ಕೈ ಇಡಲಿಕ್ಕೆ. ಮೊದಲ ಸಲ ಮಾಡುವವರಿಗೆ 12 ಮಿ.ಮೀ. ಪ್ಲೈವುಡ್ ಸಾಕು. ಮೇಲ್ಪದರ ನುಣುಪಾಗಿ, ಗಂಟಿಲ್ಲದೆ, ಕನಿಷ್ಠ 1 ಮಿ.ಮೀ. ದಪ್ಪ ಇರಲಿ. ಉಗುರಿನಿಂದ ಒತ್ತಿ ನೋಡಿ. ಗುರುತು ಆಳಕ್ಕೆ ಬಿದ್ದರೆ ಆ ಪದರ ಸಣ್ಣ ಗೆರೆ ತಡೆಯುವುದಿಲ್ಲ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಬೇಡ. ನೀರುಬಣ್ಣಕ್ಕೆ ಅದು ರೊಟ್ಟಿಯ ಹಾಗೆ ಉಬ್ಬುತ್ತದೆ.

ಇಡೀ ಮರದಲ್ಲೇ ಮಾಡಬೇಕೆಂಬ ಹಠವಿದ್ದರೆ ಶಿವನಿ ಅಥವಾ ಹಾಲೆ ಮರ ಹುಡುಕಿ. ಎಳೆ ಬಿಗಿ, ಉಳಿಗೆ ಮೆತ್ತಗೆ. ಮಾವು ಅಗ್ಗ, ಆದರೆ ಎಳೆ ಅಡ್ಡಾದಿಡ್ಡಿ, ತೆಳು ಗೆರೆ ಚಕ್ಕೆ ಎದ್ದು ಹೋಗುತ್ತದೆ. ಯಾವ ಮರವಾದರೂ ನಾಲ್ಕೂ ತುಂಡು ಒಂದೇ ಜಾತಿ, ಎಳೆಯ ದಿಕ್ಕು ಒಂದೇ ಇರಬೇಕು. ಮರ ಉದ್ದಕ್ಕೆ ಹಿಗ್ಗುವುದು ನಗಣ್ಯ, ಅಗಲಕ್ಕೆ ಹಿಗ್ಗುತ್ತದೆ. ಬೇಸಿಗೆಯಲ್ಲಿ ಕೆತ್ತಿದ 20 ಸೆಂ.ಮೀ. ಅಗಲದ ಹಲಗೆ ಧಾರವಾಡದ ಜಿಟಿಜಿಟಿ ಮಳೆಗಾಲಕ್ಕೆ ಒಂದೆರಡು ಮಿ.ಮೀ. ಅಗಲವಾಗಬಲ್ಲದು. ಒಂದು ತುಂಡು ಅಡ್ಡ ಎಳೆ, ಇನ್ನೊಂದು ಉದ್ದ ಎಳೆ ಇದ್ದರೆ ಅವು ಮತ್ತೆ ಒಂದಕ್ಕೊಂದು ಕೂಡುವುದೇ ಇಲ್ಲ. ಬಡಿಗ್ಯಾರ ಹತ್ತಿರ ಎರಡೂ ಮುಖಕ್ಕೆ ರಂದಾ ಹೊಡೆಸಿ, 220 ನಂಬರಿನ ಪಾಲಿಶ್ ಕಾಗದದಿಂದ ಎಳೆಯ ಉದ್ದಕ್ಕೇ ಉಜ್ಜಿ.

ಮುಖಗಳನ್ನು ಹೀಗೆ ಹಂಚಿಕೊಳ್ಳಿ. ಒಂದನೇ ಹಲಗೆಯ ಮುಂದೆ ಗೆರೆ: ಮರ, ಗುಡ್ಡದ ಅಂಚು, ಬಂಡಿಯ ಗಾಲಿ ಜಾಡು, ಒಂದಿಷ್ಟು ತೆನೆ. ಅದರ ಹಿಂದೆ ಬಾನು. ಎರಡನೆಯದರ ಮುಂದೆ ನೆಲ ಮತ್ತು ಜೋಳ, ಹಿಂದೆ ಗುಡ್ಡ ಮತ್ತು ಮರದ ಮೈ. ಮೂರನೆಯದರ ಮುಂದೆ ಬೆಳಗಿನ ನೆರಳು. ಹಿಂದೆ ಸಂಜೆಯದೂ ಮಧ್ಯಾಹ್ನದ್ದೂ ಒಟ್ಟಿಗೆ, ಏಕೆಂದರೆ ಒಂದು ಎಡಕ್ಕೆ ಹೋಗುತ್ತದೆ, ಇನ್ನೊಂದು ಬುಡದಲ್ಲೇ ಇರುತ್ತದೆ. ಬೇಕಾದ್ದಕ್ಕೆ ಮಾತ್ರ ಬಣ್ಣ ಹಚ್ಚಿದರಾಯಿತು. ನಾಲ್ಕನೆಯದರ ಮುಂದೆ ರಾತ್ರಿಯ ಬಾನು, ಚುಕ್ಕಿಗಳ ಸಮೇತ. ಎಂಟನೇ ಮುಖ ಬರಿದಾಗಿರಲಿ.

ಚುಕ್ಕಿಗೆ ಬೇರೆ ಬಾನು ಏಕೆ ಅಂದರೆ, ಮೊದಲ ಬಾನಿನ ಅಚ್ಚಿನಲ್ಲೇ ತೂತು ಹಾಕಿದರೆ ನಡುಮಧ್ಯಾಹ್ನವೂ ಚುಕ್ಕಿ ಬೀಳುತ್ತವೆ. ಅಂದ ಹಾಗೆ, ಎಳ್ಳ ಅಮಾವಾಸ್ಯೆಯ ಹೊಲ ಅಂದಮೇಲೆ ಚಂದ್ರನನ್ನು ಬರೆಯುವಂತಿಲ್ಲ. ಊರ ಹಿರಿಯರು ಮೊದಲು ಹಿಡಿಯುವ ತಪ್ಪು ಅದೇ.

ಕೆತ್ತನೆ ಮತ್ತು ಕೂಡುಗುರುತು

ಉಳಿ ನಾಲ್ಕು ಸಾಕು: ಗೆರೆ ಕೊಯ್ಯಲು ಓರೆ ಅಲಗಿನ ಚೂರಿ, 3 ಮತ್ತು 8 ಮಿ.ಮೀ. ಅಗಲದ ಎರಡು ಗೋಲುಳಿ, 10 ಮಿ.ಮೀ. ಚಪ್ಪಟೆ ಉಳಿ. ಸಾಣೆಕಲ್ಲು 1000 ಮತ್ತು 4000 ನಂಬರಿನವು. ಅರ್ಧ ತಾಸಿಗೊಮ್ಮೆ ಸಾಣೆ ಹಿಡಿಯಿರಿ. ಉಳಿ ಮೊಂಡಾದರೆ ಪ್ಲೈ ಹರಿಯುವುದಿಲ್ಲ, ಕಿತ್ತುಬರುತ್ತದೆ.

ಚೂರಿಯನ್ನು ಗೆರೆಯಿಂದ ಆಚೆಗೆ ವಾಲಿಸಿ ಕೊಯ್ಯಿರಿ. ಗೆರೆಯ ಬುಡ ಅಗಲ, ನೆತ್ತಿ ಸಪೂರ ಆಗಬೇಕು, ಹೊಲದ ಬದುವಿನ ಆಕಾರ. ನೆಟ್ಟಗೆ ಕೊಯ್ದ ಗೆರೆ ಹತ್ತು ಪ್ರತಿ ತೆಗೆಯುವುದರೊಳಗೆ ಮುರಿಯುತ್ತದೆ. ಗೆರೆಯ ಪಕ್ಕ 2 ಮಿ.ಮೀ. ಆಳ ಸಾಕು. ಆದರೆ ಬಾನಿನಂಥ ದೊಡ್ಡ ಬಯಲನ್ನು 5 ಮಿ.ಮೀ. ತೋಡಿ. ಇಲ್ಲವಾದರೆ ಒದ್ದೆ ಕಾಗದ ಜೋತುಬಿದ್ದು ತಳದ ಬಣ್ಣ ಹೀರುತ್ತದೆ, ಬಾನಿಗೆ ಕಲೆ ಬೀಳುತ್ತದೆ.

ಕೂಡುಗುರುತಿಗೆ ಜಪಾನಿಯರು ಕೆಂತೋ ಅನ್ನುತ್ತಾರೆ. ನಿಮ್ಮ ಬಲಗೈ ಕೆಳಮೂಲೆಯಲ್ಲಿ ಗುಣಿಕೋಲಿನಂಥ, L ಆಕಾರದ ಒಂದು ಕಟ್ಟು, ಕೆಳ ಅಂಚಿನಲ್ಲೇ ಎಡಕ್ಕೆ ಮೂರನೇ ಎರಡು ಭಾಗ ದೂರದಲ್ಲಿ ಒಂದು ನೇರ ಕಟ್ಟು. ಆಳ 1 ಮಿ.ಮೀ. ಒಳಗೆ. ಕಾಗದದ ಮೂಲೆ ಮೊದಲನೆಯದಕ್ಕೆ, ಅಂಚು ಎರಡನೆಯದಕ್ಕೆ ತಾಗಿ ಕೂರುತ್ತದೆ. ಈ ಗುರುತನ್ನು ಪ್ರತಿ ಹಲಗೆಗೆ ಅಳತೆಪಟ್ಟಿ ಇಟ್ಟು ಹಾಕಿದರೆ ಖಂಡಿತ ತಪ್ಪುತ್ತದೆ. ಸರಿಯಾದ ದಾರಿ ಇದು: ಗೆರೆಯ ಅಚ್ಚನ್ನು ಪೂರ್ತಿ ಕೆತ್ತಿ, ಗುರುತುಗಳ ಸಮೇತ ಮಸಿ ಹಚ್ಚಿ, ಆರು ತೆಳು ಹಾಳೆಗಳ ಮೇಲೆ ಒಣಗಿದ ಹದದಲ್ಲಿ ಪ್ರತಿ ತೆಗೆಯಿರಿ. ಕೆತ್ತಬೇಕಾದ ಉಳಿದ ಮುಖಗಳಿಗೆ ತೆಳ್ಳಗೆ ಅಂಟು ಬಳಿದು, ಈ ಪ್ರತಿಗಳನ್ನು ಬೋರಲಾಗಿ ಅಂಟಿಸಿ. ಒಣಗಿದ ಮೇಲೆ ಬೆನ್ನಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ಗೆರೆ ನಿಚ್ಚಳ ಕಾಣುತ್ತದೆ. ಅದನ್ನೇ ನೋಡಿ ಬಣ್ಣದ ಜಾಗ, ನೆರಳು, ಗುರುತು ಎಲ್ಲ ಕೊಯ್ಯಿರಿ.

ಚುಕ್ಕಿಗಳಿಗೆ ಮೊಳೆಯ ತುದಿಯಿಂದ ಕನಿಷ್ಠ 1 ಮಿ.ಮೀ. ಅಗಲ, 2 ಮಿ.ಮೀ. ಆಳದ ತೂತು. ಅದಕ್ಕಿಂತ ಸಣ್ಣದಾದರೆ ಮೊದಲ ಮೂರು ಪ್ರತಿಯಲ್ಲೇ ಅಂಟು ತುಂಬಿ ಮುಚ್ಚುತ್ತದೆ. ಹದಿನೈದು ಚುಕ್ಕಿ ಸಾಕು. ಸಕ್ಕರೆ ಚೆಲ್ಲಿದಂತೆ ಬೇಡ.

ಕಾಗದ, ಅಂಟು, ಬಣ್ಣ

ಕೈಕಾಗದ ಬೇಕು, ಹತ್ತಿ ಚಿಂದಿಯದು ಅಥವಾ ನೇಪಾಳದ ಲೋಕ್ತಾ. ನಾಲಗೆಗೆ ತಾಗಿಸಿ ನೋಡಿ. ಒದ್ದೆ ತಕ್ಷಣ ಹೀರಿಕೊಂಡರೆ ಆ ಕಾಗದಕ್ಕೆ ಗಂಜಿ ಕುಡಿಸಿಲ್ಲ, ಬಣ್ಣ ಹರಡುತ್ತದೆ. 1 ಲೀಟರ್ ನೀರಿಗೆ 15 ಗ್ರಾಂ ಜಿಲೆಟಿನ್ ನೆನೆಸಿ, ಕುದಿಸದೆ ಬೆಚ್ಚಗೆ ಕರಗಿಸಿ, ಬೇರೆಯಾಗಿ ಕರಗಿಸಿದ 7 ಗ್ರಾಂ ಸ್ಫಟಿಕ (ಆಲಂ) ಬೆರೆಸಿ, ಅಗಲ ಬ್ರಶ್ಶಿನಿಂದ ಬಳಿದು ಹಗ್ಗಕ್ಕೆ ಹಾಕಿ ಒಣಗಿಸಿ. ಸ್ಫಟಿಕ ಹೆಚ್ಚಾದರೆ ವರ್ಷಗಳು ಕಳೆದಂತೆ ಕಾಗದ ಹಪ್ಪಳದಂತೆ ಮುರಿಯುತ್ತದೆ. ಜಿಲೆಟಿನ್ ಪ್ರಾಣಿಯದು, ಮುಟ್ಟುವುದಿಲ್ಲ ಅನ್ನುವವರು ನಮ್ಮಲ್ಲಿ ಬಹಳ. ಅಂಥವರು ಬಣ್ಣ ಹರಡದ ಕಾಗದವನ್ನು ಅಂಗಡಿಯಲ್ಲೇ ನೀರ ಹನಿ ಇಟ್ಟು ಪರೀಕ್ಷಿಸಿ ಕೊಳ್ಳಬಹುದು. ಆದರೆ ಅದಕ್ಕೆ ಕುಡಿಸಿದ್ದೇನು ಎಂದು ಕೇಳಿಕೊಳ್ಳಿ.

ಮುದ್ರಣದ ಹಿಂದಿನ ರಾತ್ರಿ ಕಾಗದ ತೋಯಿಸಬೇಕು. ಒಂದು ಹಾಳೆ ಬಿಟ್ಟು ಒಂದಕ್ಕೆ ನೀರು ಬಳಿದು, ಒಂದರ ಮೇಲೊಂದು ಪೇರಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಹಲಗೆ ಹೇರಿಡಿ. ಬೆಳಿಗ್ಗೆ ಹಾಳೆ ಕೆನ್ನೆಗೆ ತಣ್ಣಗೆ ತಾಗಬೇಕು, ಬೆಳಕಿಗೆ ಹಿಡಿದರೆ ನೀರು ಹೊಳೆಯಬಾರದು. ನಡುವೆ ಹಾಕಲು ಹಳೆ ಪತ್ರಿಕೆ ಬಳಸಿದರೆ ಸುದ್ದಿ ನಿಮ್ಮ ಬಾನಿನ ಮೇಲೆ ಅಚ್ಚಾಗುತ್ತದೆ. ಮುದ್ರಣ ಕಾಶಿ ಎನಿಸಿಕೊಂಡ ಗದಗಿನಲ್ಲಿ ಪ್ರೆಸ್ಸುಗಳಿಗೇನು ಬರವೇ? ಅಲ್ಲಿ ಉಳಿದ ಖಾಲಿ ನ್ಯೂಸ್‌ಪ್ರಿಂಟ್ ತುಂಡುಗಳನ್ನು ಕೇಳಿ ತನ್ನಿ.

ಅಂಟು: 2 ಚಮಚ ಅಕ್ಕಿಹಿಟ್ಟು, 150 ಮಿ.ಲೀ. ನೀರು. ತಣ್ಣೀರಲ್ಲೇ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಪಾರದರ್ಶಕ ಆಗುವತನಕ ತಿರುವಿ. ಆರಿದಾಗ ಗಟ್ಟಿ ಮಜ್ಜಿಗೆಯ ಹದ. ಎರಡು ದಿನಕ್ಕೆ ಹುಳಿಯುತ್ತದೆ. ಮಳೆಗಾಲದಲ್ಲಿ ದಿನಾ ಹೊಸದು ಮಾಡಿ.

ಬಣ್ಣ ಐದು: ಪ್ರಶ್ಯನ್ ನೀಲಿ, ಜಾಜು ಎನ್ನುವ ಕೆಮ್ಮಣ್ಣು, ಹಳದಿ ಮಣ್ಣು, ದೀಪದ ಮಸಿ, ಮತ್ತೆ ಟ್ಯೂಬಿನ ಕಡುಗೆಂಪು. ಮಣ್ಣನ್ನು ನೀರಲ್ಲಿ ಕದಡಿ, ಉಸುಕು ತಳಕ್ಕೆ ಕೂರುವಷ್ಟು ಬಿಟ್ಟು, ಮೇಲಿನ ಬಗ್ಗಡವನ್ನು ಬೇರೆ ಪಾತ್ರೆಗೆ ಬಗ್ಗಿಸಿ ಸೋಸಿ. ಉಳಿದ ಒಂದು ಉಸುಕಿನ ಕಣವೂ ಅಚ್ಚಿನ ಮೇಲೆ ಗೀರು ಹಾಕುತ್ತದೆ. ಪ್ರಶ್ಯನ್ ನೀಲಿಗೆ ಸುಣ್ಣ, ಸೋಡಾ ತಾಗಬಾರದು, ನೀಲಿ ಹೋಗಿ ಕಂದಾಗುತ್ತದೆ. ಬ್ರಶ್ಶುಗಳನ್ನು ಬಟ್ಟೆ ಸೋಪಿನಲ್ಲಿ ತೊಳೆದು ಹಾಗೇ ಅದ್ದುವವರಿಗೆ ಈ ಮಾತು.

ಬಣ್ಣ ಹಚ್ಚಲು ಕುದುರೆ ಕೂದಲಿನ ಬೂಟ್ ಪಾಲಿಶ್ ಬ್ರಶ್ಶು ಚೆನ್ನಾಗಿ ನಡೆಯುತ್ತದೆ. ಹೊಸದಾಗಿದ್ದರೆ ತುದಿಗಳನ್ನು ಕಾದ ಕಬ್ಬಿಣಕ್ಕೆ ಲಘುವಾಗಿ ತಾಗಿಸಿ ಸುಟ್ಟು, ಒದ್ದೆ ಪಾಲಿಶ್ ಕಾಗದದ ಮೇಲೆ ಉಜ್ಜಿ. ತುದಿ ಸೀಳಿ ಮೆತ್ತಗಾಗುತ್ತದೆ, ಅಚ್ಚಿನ ಮೇಲೆ ಗೀರು ಉಳಿಯುವುದಿಲ್ಲ. ಕಾಗದದ ಬೆನ್ನು ಉಜ್ಜಲು ಜಪಾನಿನ ಬರೇನ್ ಇಲ್ಲದಿದ್ದರೆ, ಅಂಗೈಯಗಲದ, ತಳ ಸಪಾಟಾದ ಸ್ಟೀಲ್ ಬಟ್ಟಲು ಸಾಕು. ಅದರ ತಳಕ್ಕೆ ಕೊಬ್ಬರಿ ಎಣ್ಣೆಯ ಪಸೆ ಇರಲಿ. ಮನೆಯಲ್ಲಿ ಹೇಗೂ ಇದೆಯೆಂದು ಕುಸುಬಿ ಎಣ್ಣೆ ಹಚ್ಚಬೇಡಿ. ಅದು ಗಾಳಿಗೆ ಜಿಗುಟಾಗಿ ಕಾಗದ ಎಳೆಯುತ್ತದೆ.

ಬೊಕಾಶಿ: ಬಣ್ಣ ಕರಗುವ ಜಾಗ

ಹೊತ್ತು ಹುಟ್ಟುವುದು ಇಲ್ಲಿ. ಒಂದೇ ಬಣ್ಣ ಒಂದು ಅಂಚಿನಲ್ಲಿ ದಟ್ಟವಾಗಿದ್ದು ಇನ್ನೊಂದು ಅಂಚಿಗೆ ಹೋಗುವಷ್ಟರಲ್ಲಿ ಇಲ್ಲವಾಗುವುದಕ್ಕೆ ಬೊಕಾಶಿ ಅನ್ನುತ್ತಾರೆ. ಅಚ್ಚಿನಲ್ಲಿ ಇದಕ್ಕೆ ಒಂದು ಗೀರೂ ಇರುವುದಿಲ್ಲ, ಬಾನಿನ ಅಚ್ಚು ಬರೀ ಸಪಾಟು. ಎಲ್ಲ ಕೈಯದೇ ಕೆಲಸ. ಯೋಶಿದಾಗಿಂತ ಹಿಂದಿನ, ಹತ್ತೊಂಬತ್ತನೇ ಶತಮಾನದ ಜಪಾನಿ ಚಿತ್ರಕಾರ 'ಹಿರೋಶಿಗೆ' ಮಾಡಿದ ಎದೋ ನಗರದ (ಈಗಿನ ಟೋಕಿಯೊ) ದೃಶ್ಯಗಳಲ್ಲಿ ಬಾನಿನ ನೆತ್ತಿಗೆ ಕಾಣುವ ಕಡುನೀಲಿ ಪಟ್ಟಿ ಇದೇ. ಬೇಡಿಕೆ ಹೆಚ್ಚಾಗಿ ಅವಸರದಲ್ಲಿ ತೆಗೆದ ತಡವಾದ ಪ್ರತಿಗಳಲ್ಲಿ ಎಷ್ಟೋ ಸಲ ಈ ಪಟ್ಟಿ ಬಡವಾಗಿರುತ್ತದೆ ಅಥವಾ ಬಿಟ್ಟೇ ಹೋಗಿರುತ್ತದೆ. ಗೆರೆ ಅದೇ ಇದ್ದರೂ ಚಿತ್ರದ ಹೊತ್ತು ಮಾಯ.

ಕ್ರಮ ಹೀಗೆ. ಹಿಂಡಿದ ಒದ್ದೆ ಬಟ್ಟೆಯಿಂದ ಬಾನಿನ ಅಚ್ಚನ್ನೆಲ್ಲ ಒರೆಸಿ. ಮರ ಮಂಕಾಗಿ ಕಾಣಬೇಕು, ನೀರು ನಿಲ್ಲಬಾರದು. ದಟ್ಟ ಆಗಬೇಕಾದ ಅಂಚಿಗೆ ಅರ್ಧ ಚಮಚ ಬಣ್ಣವನ್ನು ಮೂರು ಕಡೆ ಹನಿಸಿ. ಕಡಲೆಕಾಳಿನಷ್ಟು ಅಂಟನ್ನು ಅಲ್ಲೇ ಇಡಿ. ಈಗ 8–10 ಸೆಂ.ಮೀ. ಅಗಲದ ಬ್ರಶ್ಶಿನ ಒಂದು ತುದಿ ಮಾತ್ರ ಬಣ್ಣದಲ್ಲಿ, ಇನ್ನೊಂದು ತುದಿ ನೀರಿನಲ್ಲಿ ಇರುವಂತೆ ಹಿಡಿದು, ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಎಳೆಯಿರಿ. ಮೇಲೆ ಕೆಳಗೆ ಒಂದು ಸಲವೂ ಬೇಡ. ಪ್ರತಿ ಎಳೆತಕ್ಕೆ ಬ್ರಶ್ಶನ್ನು ಕೂದಲೆಳೆಯಷ್ಟು ಬರಿಜಾಗದ ಕಡೆ ಸರಿಸಿ, ಮತ್ತೆ ಹಿಂದಕ್ಕೆ ತನ್ನಿ. ಹತ್ತು ಹನ್ನೆರಡು ಎಳೆತದಲ್ಲಿ ಬಣ್ಣ ಎಲ್ಲಿ ಮುಗಿಯಿತು ಎಂದು ಕಣ್ಣಿಗೆ ಸಿಗದಂತಾಗಬೇಕು. ಬ್ರಶ್ಶಿನ ಬಣ್ಣದ ತುದಿ ಯಾವತ್ತೂ ಅದೇ ಇರಲಿ. ಹಿಡಿಯ ಮೇಲೆ ಪೇಂಟಿನ ಬೊಟ್ಟು ಇಟ್ಟು ಗುರುತು ಮಾಡಿಕೊಳ್ಳಿ, ಒಮ್ಮೆ ತಿರುಗಿದರೆ ಇಡೀ ಬಾನು ಕದಡಿತು.

ಕಾಗದ ಕೂರಿಸಿ, ನಡುವಿನಿಂದ ಅಂಚಿಗೆ ಸುತ್ತುಸುತ್ತಾಗಿ ಉಜ್ಜಿ. ಮೊದಲ ಪ್ರತಿ ಪೇಲವ ಬಂದರೆ ಗಾಬರಿ ಬೇಡ. ಬೊಕಾಶಿಯ ಆಳ ಬರುವುದು ಎರಡು ಮೂರು ಸಲ ಒಂದರ ಮೇಲೊಂದು ಒತ್ತಿದಾಗ, ಪ್ರತಿ ಸಲ ಪಟ್ಟಿಯನ್ನು ಮೂರನೇ ಒಂದು ಭಾಗ ಕಿರಿದು ಮಾಡುತ್ತಾ. ಒಂದೇ ಸಲ ಗಟ್ಟಿ ಬಣ್ಣ ಹಾಕಿದರೆ ಕರಗುವುದಿಲ್ಲ, ಗೋಡೆಗೆ ಬಳಿದ ಪಟ್ಟಿ ಆಗುತ್ತದೆ. ಐದಾರು ಪ್ರತಿಗೊಮ್ಮೆ ಬರಿಜಾಗಕ್ಕೆ ಹರಿದ ಬಣ್ಣವನ್ನು ಒದ್ದೆ ಬಟ್ಟೆಯಿಂದ ತೆಗೆಯಿರಿ. ಮರ ಕುಡಿದದ್ದನ್ನು ಮತ್ತೆ ಉಗುಳುತ್ತದೆ.

ನಾಲ್ಕು ಹೊತ್ತಿನ ಬಣ್ಣ

ನಸುಕು. ಬಾನಿಗೆ ಮೊದಲು ಬಹು ತೆಳು ಹಳದಿ ಮಣ್ಣು, 1 ಭಾಗ ಬಣ್ಣಕ್ಕೆ 12 ಭಾಗ ನೀರು, ಇಡಿಯಾಗಿ. ಅದರ ಮೇಲೆ ಗುಡ್ಡದ ಅಂಚಿನಿಂದ ಮೇಲಕ್ಕೆ ಕರಗುವ ಕೆಮ್ಮಣ್ಣು, ನೆತ್ತಿಯಿಂದ ಕೆಳಕ್ಕೆ ಕರಗುವ ತೆಳು ನೀಲಿ. ಎರಡೂ ಸೇರುವ ಜಾಗದಲ್ಲಿ ಎರಡು ಬೆರಳಿನಷ್ಟು ಹಳದಿ ಹಾಗೇ ಉಳಿಯಬೇಕು. ಹಳದಿಯ ಮೇಲೆ ನೀಲಿ ಕೂತು ಹಸಿರಾಗುವುದು ಇಲ್ಲಿನ ಮಾಮೂಲಿ ಕಾಟ. ನೀಲಿಗೆ ಒಂದು ಹನಿ ಕಡುಗೆಂಪು ಸೇರಿಸಿದರೆ ತಗ್ಗುತ್ತದೆ. ನೆರಳಿಗೆ ನೀಲಿ 3, ಕೆಮ್ಮಣ್ಣು 1, ನೀರು 10, ಮೆಲ್ಲಗೆ ಉಜ್ಜಿ. ಗೆರೆಗೆ ಕಪ್ಪು ಬೇಡ, ಮಸಿಗೆ ಕೆಮ್ಮಣ್ಣು ಬೆರೆಸಿದ ಕಂದು.

ನಡುಮಧ್ಯಾಹ್ನ. ಇದೇ ಎಲ್ಲಕ್ಕಿಂತ ಕಷ್ಟ, ಏಕೆಂದರೆ ಇಲ್ಲಿ ಬಣ್ಣ ಕಡಿಮೆ ಮಾಡಬೇಕು. ಬಾನು ಬಿಳಿಚು, ನೆತ್ತಿಯಲ್ಲಷ್ಟೇ ಸಣ್ಣ ನೀಲಿ ಪಟ್ಟಿ. ಗುಡ್ಡಕ್ಕೆ ನೀರು ನೀರಾದ ಬೂದು, ದೂರದ್ದು ಬಿಸಿಲಿಗೆ ಮಾಸಿರುತ್ತದೆ. ಜೋಳಕ್ಕೆ ಹಳದಿ ಮಣ್ಣು ಒಂದೇ ಒತ್ತು. ಗೆರೆ ಮತ್ತು ಬುಡದ ನೆರಳು ಮಾತ್ರ ಅಪ್ಪಟ ಮಸಿ, ಜೋರಾಗಿ ಉಜ್ಜಿದ್ದು. ಬಿಸಿಲು ಕಾಣುವುದು ಆ ಕಪ್ಪಿನ ಪಕ್ಕದ ಬರಿ ಕಾಗದದಲ್ಲಿ.

ಸಂಜೆ. ಯಾವ ಬಣ್ಣಕ್ಕೂ ಮುಂಚೆ ನೆಲ, ಗುಡ್ಡ ಎರಡಕ್ಕೂ ತೆಳು ಬೂದು (ಮಸಿ 1, ನೀರು 15) ಒತ್ತಿಕೊಳ್ಳಿ. ಮೇಲೆ ಬರುವ ಬಣ್ಣವೆಲ್ಲ ಒಂದು ಮೆಟ್ಟಿಲು ಇಳಿಯುತ್ತದೆ, ಬೆಳಕು ಹಿಂಜರಿದ ಹಾಗೆ. ಬಾನಿನಲ್ಲಿ ಬಲಭಾಗಕ್ಕೆ ಕಡುಗೆಂಪು ಮತ್ತು ಹಳದಿ ಮಣ್ಣು. ಈ ಸಲ ಬೊಕಾಶಿ ಅಡ್ಡಡ್ಡ ಅಲ್ಲ, ಹಲಗೆಯನ್ನೇ ತಿರುಗಿಸಿಟ್ಟುಕೊಂಡು ಪಡುವಣದಿಂದ ಎಡಕ್ಕೆ ಕರಗುವಂತೆ. ಹಲಗೆಯ ಮೇಲೆ ಪಡುವಣ ಎಡಕ್ಕಿರುತ್ತದೆ, ಮರೆಯಬೇಡಿ. ದನ ಮರಳುವ ಹೊತ್ತಿನ ಧೂಳು ಬೇಕೆಂದರೆ ನೆಲದ ಅಚ್ಚಿಗೆ ಅಂಟಿಲ್ಲದೆ ಬಣ್ಣ ಹಚ್ಚಿ ಹಗುರ ಕೈಯಿಂದ ಉಜ್ಜಿ. ಬಣ್ಣ ಚುಕ್ಕೆ ಚುಕ್ಕೆಯಾಗಿ ಒಡೆದು ಕೂರುತ್ತದೆ. ಜಪಾನಿಯರು ಇದಕ್ಕೆ ಎಳ್ಳಿನ ಹೆಸರನ್ನೇ ಇಟ್ಟಿದ್ದಾರೆ. ಬೇರೆಡೆ ಇದು ದೋಷ, ಇಲ್ಲಿ ಬೇಕಾದ್ದು.

ರಾತ್ರಿ. ಮೊದಲ ಬಾನಿನ ಅಚ್ಚಿನಿಂದ ತೆಳು ನೀಲಿ ಒಂದು ಒತ್ತು. ಅದು ಚುಕ್ಕಿಗಳ ಬಣ್ಣ. ಒಂದು ತಾಸು ಬಿಟ್ಟು ಚುಕ್ಕಿಯ ಅಚ್ಚಿನಿಂದ ನೀಲಿ 4, ಮಸಿ 1, ನೀರು 6 ಎರಡು ಒತ್ತು, ಕೊನೆಗೆ ನೆತ್ತಿಗೆ ಬೊಕಾಶಿ ಇನ್ನೊಂದು. ಗುಡ್ಡ ಬಾನಿಗಿಂತ ಒಂದು ಪಾಲು ಕಪ್ಪು, ಮರ ಗುಡ್ಡಕ್ಕಿಂತ ಇನ್ನೊಂದು ಪಾಲು. ನೆರಳಿನ ಹಲಗೆ ಮುಟ್ಟುವಂತಿಲ್ಲ. ಗೆರೆಯನ್ನು ಕೊನೆಯಲ್ಲಿ ಕಡುನೀಲಿಯಿಂದ ಒತ್ತಿ. ಕಪ್ಪು ಗೆರೆ ಹಾಕಿದರೆ ಹಗಲಿನ ಚಿತ್ರಕ್ಕೆ ನೀಲಿ ಗಾಜು ಮುಚ್ಚಿದಂತೆ ಕಾಣುತ್ತದೆ.

ಎಲ್ಲ ಮುಗಿದ ಮೇಲೆ ಹಾಳೆಗಳನ್ನು ರಟ್ಟಿನ ನಡುವೆ ಇಟ್ಟು, ಭಾರ ಹೇರಿ, ಮೂರು ದಿನ ದಿನಕ್ಕೊಮ್ಮೆ ಒಣ ರಟ್ಟು ಬದಲಿಸಿ.

ಕೈಕೊಡುವ ಕಡೆಗಳು

ಏಪ್ರಿಲ್–ಮೇ ತಿಂಗಳ ಒಣ ಗಾಳಿಗೆ ಬಣ್ಣ ಅಚ್ಚಿನ ಮೇಲೆ ಅರೆ ನಿಮಿಷದೊಳಗೆ ಒಣಗುತ್ತದೆ. ಆಗ ಬೆಳಗಿನ ಜಾವ ಮಾತ್ರ ಕೆಲಸ, ಫ್ಯಾನ್ ಬಂದ್. ಜುಲೈಯಲ್ಲಿ ತೋಯಿಸಿದ ಕಾಗದ ಮೂರನೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಒಂದು ದಿನಕ್ಕೆ ಎಷ್ಟು ಬೇಕೋ ಅಷ್ಟೇ ತೋಯಿಸಿ. ಎರಡಕ್ಕೂ ನಡುವಿನ ಒಳ್ಳೆ ಕಾಲ ಸೀಗಿ ಹುಣ್ಣಿಮೆಯಿಂದ ಸಂಕ್ರಾಂತಿಯವರೆಗೆ.

ಬಣ್ಣ ಗೆರೆಗೆ ಕೂಡದೆ ಬಿಳಿ ಸೀಳು ಬಿಟ್ಟರೆ, ಸೀಳು ಎಲ್ಲ ಹಾಳೆಯಲ್ಲೂ ಒಂದೇ ಕಡೆ ಇದೆಯೇ ನೋಡಿ. ಒಂದೇ ಕಡೆ ಇದ್ದರೆ ಕೂಡುಗುರುತು ತಪ್ಪು. ರಟ್ಟಿನ ಚೂರು ಅಂಟಿಸಿ ಸರಿಪಡಿಸಬಹುದು. ಹಾಳೆಯಿಂದ ಹಾಳೆಗೆ ಬದಲಾದರೆ ಕಾಗದದ ತೇವ ಬದಲಾಗಿದೆ, ಗುರುತು ಮುಟ್ಟಬೇಡಿ. ಗೆರೆಯ ಸುತ್ತ ಬಣ್ಣ ದಟ್ಟ ಅಂಚು ಕಟ್ಟಿದರೆ ನೀರು ಹೆಚ್ಚು. ಬಣ್ಣ ಹೊಳಪಾಗಿ ಒಣಗಿ ಬಿರಿದರೆ ಅಂಟು ಹೆಚ್ಚು.

ಇಳಿಯುವ ಕೆರೆ: ಹಿಂದಕ್ಕೆ ಬಾರದ ಕಾಲ

ದಿನದ ಹೊತ್ತು ಸುತ್ತಿ ಬರುತ್ತದೆ, ಅದಕ್ಕೆ ಮೇಲಿನ ಪದ್ಧತಿ ಸರಿ. ಒಂದೇ ದಿಕ್ಕಿಗೆ ಸಾಗುವ ಕಾಲಕ್ಕೆ ಬೇರೆ ಉಪಾಯವಿದೆ: ಒಂದೇ ಹಲಗೆ, ಕೆತ್ತುತ್ತಾ ಒಂದಿಷ್ಟು ಪ್ರತಿ, ಮತ್ತಷ್ಟು ಕೆತ್ತಿ ಮತ್ತಷ್ಟು ಪ್ರತಿ. ಉಳಿ ತೆಗೆಯಬಲ್ಲದು, ಮರಳಿ ಇಡಲಾರದು. ಆದ್ದರಿಂದ ಕಡಿಮೆಯಾಗುತ್ತಾ ಹೋಗುವ ವಿಷಯವೇ ಬೇಕು. ಶಿರಹಟ್ಟಿ ಹತ್ತಿರದ ಮಾಗಡಿ ಕೆರೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಮಳೆ ಮುಗಿದಾಗ ತುಂಬಿದ ನೀರು, ಚಳಿಗಾಲಕ್ಕೆ ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳು, ಬೇಸಿಗೆಗೆ ಇಳಿಯುತ್ತಾ ಹೋಗುವ ನೀರಿನ ಅಂಚು.

ನೀರನ್ನು ಇಡೀ ಕಡುನೀಲಿ ಮೈಯಾಗಿ ಬಿಟ್ಟು ಮೊದಲ 8 ಪ್ರತಿ. ನಂತರ ನೀರಿನ ನಡುವೆ ಬಾತುಗಳ ಆಕಾರ ತೋಡಿ. ಕಡುನೀಲಿಯಲ್ಲಿ ತೋಡಿದ್ದು ಬಿಳಿಯಾಗಿ ಬರುತ್ತದೆ, ಹಕ್ಕಿ ಬಂದಿಳಿದವು. ಅವು ಹೊರಟುಹೋಗುವುದನ್ನು ತೋರಿಸುವುದು ಹೇಗೆ? ತೋಡಿದ ತೂತನ್ನು ಮುಚ್ಚಲಾಗದು. ಉಪಾಯ ಮೊದಲೇ ಮಾಡಿರಬೇಕು: ಬಾತುಗಳನ್ನು ಮುಂದೆ ಒಣಗಲಿರುವ ಅಂಚಿನ ನೀರಲ್ಲೇ ಇಳಿಸಿ. ಮೂರನೇ ಹಂತದಲ್ಲಿ ಆ ಅಂಚಿನ ನೀರನ್ನೇ ಪೂರ್ತಿ ಕೆತ್ತಿ ತೆಗೆದಾಗ ಸುತ್ತ ಎಲ್ಲ ಬಿಳಿಯಾಗಿ, ಹಕ್ಕಿಯ ಆಕಾರವೂ ಅದರಲ್ಲೇ ಕರಗುತ್ತದೆ. ನಾಲ್ಕನೇ ಹಂತಕ್ಕೆ ನಡುವಿನ ಮಡು ಮಾತ್ರ, ಐದನೆಯದಕ್ಕೆ ಅದೂ ಇಲ್ಲ; ಉಳಿಸಿಕೊಂಡ ಸಪೂರ ಗೆರೆಗಳು ಬಿರುಕುಬಿಟ್ಟ ಕೆಸರಾಗುತ್ತವೆ. ಆ ಬಿರುಕುಗಳು ಮೊದಲ ದಿನದಿಂದಲೂ ನೀರಿನ ಮೈಯೊಳಗೇ ಇದ್ದವು ಎಂಬುದನ್ನು ನಕ್ಷೆಯಲ್ಲೇ ಗುರುತಿಸಿಡಿ. ಪ್ರತಿ ಹಂತಕ್ಕೂ ಎರಡು ಹಾಳೆ ಹೆಚ್ಚು ತೆಗೆಯಿರಿ, ಒಮ್ಮೆ ದಾಟಿದ ಹಂತಕ್ಕೆ ಮರಳುವ ದಾರಿಯಿಲ್ಲ.

ಮರದ ವಯಸ್ಸು, ಬಣ್ಣದ ವಯಸ್ಸು

ಬರಿದಾಗಿ ಉಳಿಸಿದ ಎಂಟನೇ ಮುಖ ನೆನಪಿದೆಯಲ್ಲ. ಅದು ಮರದ ಎಳೆಯನ್ನೇ ಬಾನಿಗೆ ಒತ್ತಲಿಕ್ಕೆ. ಅದರ ಬದಲು ಕೆಡವಿದ ಹಳೆ ಮನೆಯ ಸಾಗವಾನಿ ಬಾಗಿಲಿನ ತುಂಡು ಸಿಕ್ಕರೆ ಬಿಡಬೇಡಿ. ಸಾಗವಾನಿಯಲ್ಲಿ ವರ್ಷದ ಉಂಗುರ ಸ್ಪಷ್ಟ. ತಂತಿ ಬ್ರಶ್ಶಿನಿಂದ ಎಳೆಯ ಉದ್ದಕ್ಕೆ ಉಜ್ಜಿದರೆ ಮೆತ್ತನೆ ಭಾಗ ಸವೆದು ಗಟ್ಟಿ ಭಾಗ ಗೆರೆಯಾಗಿ ನಿಲ್ಲುತ್ತದೆ. ಅರ್ಧ ಮಿ.ಮೀ. ಸವೆದರೆ ಸಾಕು. ಸಾಗವಾನಿಯ ಎಣ್ಣೆ ನೀರುಬಣ್ಣವನ್ನು ತಳ್ಳುತ್ತದೆ, ಆದ್ದರಿಂದ ಮೊದಲು ಸ್ಪಿರಿಟ್ಟಿನಿಂದ ಎರಡು ಸಲ ಒರೆಸಿ. ಸಂಜೆಯ ಬಾನಿನ ಕೊನೆಯ ಒತ್ತಾಗಿ ಇದನ್ನು ತೆಳು ಬೂದಿನಲ್ಲಿ ಹಾಕಿದರೆ, ಮರ ಬೆಳೆದ ವರ್ಷಗಳೆಲ್ಲ ಮೋಡದ ಪದರಗಳಂತೆ ಅಡ್ಡಲಾಗಿ ಬೀಳುತ್ತವೆ.

ಇನ್ನೊಂದು ಪ್ರಯೋಗ ನಮ್ಮ ಹೊಲಕ್ಕೇ ಸೇರಿದ್ದು. ಹಳೆಯ ಜಪಾನಿ ಚಿತ್ರಗಳ ನಸುಗೆಂಪು ಬಂದದ್ದು ಕುಸುಬಿ ಹೂವಿನಿಂದ, ಎರೆಹೊಲದಲ್ಲಿ ನಾವು ಎಣ್ಣೆಗೆ ಬೆಳೆಯುವ ಅದೇ ಕುಸುಬಿ. ಆ ಕೆಂಪು ಬೆಳಕಿಗೆ ನಿಲ್ಲುವುದಿಲ್ಲ. ಆಗ ಕೆಂಪಾಗಿದ್ದ ಎಷ್ಟೋ ಸಂಜೆಗಳು ಈಗ ಮಾಸಿವೆ, ಪ್ರಶ್ಯನ್ ನೀಲಿ ಮಾತ್ರ ಗಟ್ಟಿಯಾಗಿದೆ. ಬೇಕೆಂದೇ ಇದನ್ನು ಬಳಸಬಹುದು. 50 ಗ್ರಾಂ ಒಣಗಿದ ಎಸಳನ್ನು ತಣ್ಣೀರಲ್ಲಿ ನೆನೆಸಿ, ಹಳದಿ ನೀರು ಬರುವುದು ನಿಲ್ಲುವವರೆಗೆ ಹಿಂಡಿ ಹಿಂಡಿ ಚೆಲ್ಲಿ. ಅರ್ಧ ಲೀಟರ್ ನೀರಿಗೆ 1 ಚಮಚ ವಾಷಿಂಗ್ ಸೋಡಾ ಹಾಕಿ ಎಸಳನ್ನು ಒಂದು ತಾಸು ನೆನೆಸಿ ಸೋಸಿ. ಆ ಕಂದು ನೀರಿಗೆ ನಿಂಬೆರಸ ಸ್ವಲ್ಪ ಸ್ವಲ್ಪ ಹಿಂಡುತ್ತಾ ಬನ್ನಿ. ನೊರೆ ನಿಲ್ಲುವ ಹೊತ್ತಿಗೆ ಕೆಂಪಿಗೆ ತಿರುಗುತ್ತದೆ. ಬಿಸಿ ಮಾಡಬೇಡಿ. ಒಂದು ರಾತ್ರಿ ಬಿಟ್ಟು ತಳದ ಗಸಿ ತೆಗೆದು, ತುಸು ಅಂಟಿನ ಜೊತೆ ಸಂಜೆಯ ಬಾನಿಗೆ ಕೊನೆಯ ಬೊಕಾಶಿಯಾಗಿ ಒತ್ತಿ. ಗಸಿಯಲ್ಲಿ ಸೋಡಾದ ಪಸೆ ಉಳಿದಿದ್ದರೆ ಪಕ್ಕದ ನೀಲಿ ಕೆಡುತ್ತದೆ, ಆದ್ದರಿಂದ ನಿಂಬೆರಸ ನಾಲ್ಕು ಹನಿ ಹೆಚ್ಚೇ ಇರಲಿ.

ಇಂಥ ಪ್ರತಿಗಳಲ್ಲಿ ಒಂದನ್ನು ಕಪ್ಪು ಕಾಗದದಲ್ಲಿ ಸುತ್ತಿ ಟ್ರಂಕಿನಲ್ಲಿಡಿ, ಇನ್ನೊಂದನ್ನು ಕಿಟಕಿಯ ಎದುರು ಗೋಡೆಗೆ ಹಾಕಿ. ಎರಡರ ಬೆನ್ನಿಗೂ ಮುದ್ರಿಸಿದ ತಾರೀಕು, ಬಣ್ಣದ ಅಳತೆ, ಯಾವ ಹೊತ್ತು ಎಂಬುದನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಕಾಗದ ದಾಟಿ ಬಾನಿಗೆ ಬರುತ್ತದೆ.